ಕೀಲಿ ಅಕ್ಷರವನ್ನು ಕಳಿಸುವುದಿಲ್ಲ: ನಿಸ್ತಂತು ಕೀಲಿಮಣೆಯೊಂದರ ಪಾಠ

ಮೂರನೆಯ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನನಗೆ ವಹಿಸಿದ್ದು ಒಂಬತ್ತನೆಯ ತರಗತಿಯ ಗಣಿತ, ವಿಜ್ಞಾನ ಮತ್ತು ವಾರಕ್ಕೆ ಎರಡು ಕಂಪ್ಯೂಟರ್ ಅವಧಿ. ಲ್ಯಾಬಿನಲ್ಲಿ ಉಬುಂಟು ಹಾಕಿದ ಹಳೆಯ ಡೆಸ್ಕ್‌ಟಾಪ್‌ಗಳಿದ್ದವು. ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ವಿದ್ಯಾರ್ಥಿನಿ ಇದ್ದಳು. ಲ್ಯಾಬ್ ಮೇಜುಗಳ ಕೆಳಗೆ ಅಡ್ಡಹಲಗೆ ಇರುವುದರಿಂದ ಗಾಲಿಕುರ್ಚಿ ಒಳಗೆ ಹೋಗುತ್ತಿರಲಿಲ್ಲ, ಕೈ ಕೀಲಿಮಣೆಗೆ ಎಟುಕುತ್ತಿರಲಿಲ್ಲ. ಬೇರೆಯವರು ಮಾಡಿದ್ದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೇ ಅವಳ ಕಂಪ್ಯೂಟರ್ ಪಾಠವಾಗಿತ್ತು. ಪಾಠಯೋಜನೆಯ ‘ವೈಯಕ್ತಿಕ ಭಿನ್ನತೆ’ ಅಂಕಣದಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವು ಪ್ರತಿ ಸಲವೂ ಒಂದೇ ವಾಕ್ಯವನ್ನು ನಕಲು ಮಾಡುತ್ತೇವೆ. ಇಲ್ಲಿ ಆ ವಾಕ್ಯದಿಂದ ಏನೂ ಆಗುತ್ತಿರಲಿಲ್ಲ.

ಶಾಲೆಯ ಬೀರುವಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟುಹೋದ ಆಪಲ್ ವೈರ್‌ಲೆಸ್ ಕೀಲಿಮಣೆ ಇತ್ತು. ತೆಳ್ಳಗಿನದು, ಎರಡು ಪೆನ್ಸಿಲ್ ಸೆಲ್ ಹಾಕುವಂಥದು. ಅದು ಮ್ಯಾಕ್ ಕಂಪ್ಯೂಟರಿಗಾಗಿ ಮಾಡಿದ್ದು, ನಮ್ಮದಕ್ಕೆ ಆಗುವುದಿಲ್ಲ ಎಂದು ಯಾರೂ ಮುಟ್ಟಿರಲಿಲ್ಲ. ‘ಯಾಕೆ ಆಗುವುದಿಲ್ಲ?’ ಎಂಬುದನ್ನೇ ಪಾಠದ ಪ್ರವೇಶ ಪ್ರಶ್ನೆಯಾಗಿ ಇಟ್ಟುಕೊಂಡೆ.

ಜೋಡಿಸುವ ಕೆಲಸ ದೊಡ್ಡದಲ್ಲ. ನಮ್ಮ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇಲ್ಲದ್ದರಿಂದ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಅಡಾಪ್ಟರ್ ತಂದೆ. ಕೀಲಿಮಣೆಯ ಗುಂಡಿ ಒತ್ತಿ ದೀಪ ಮಿನುಗತೊಡಗಿದಾಗ ಉಬುಂಟುವಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಬರುತ್ತದೆ. ಆರಿಸಿದರೆ ಪರದೆಯಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಆ ಕೀಲಿಮಣೆಯಲ್ಲೇ ಬೆರಳಚ್ಚಿಸಿ ಎಂಟರ್ ಒತ್ತಬೇಕು. ‘ನಾನು ಒತ್ತಿದ್ದು ಪಕ್ಕದ ಕಂಪ್ಯೂಟರಿಗೆ ಹೋಗಲ್ವಾ ಮಿಸ್?’ ಎಂದು ಒಬ್ಬ ಕೇಳಿದ. ಆ ಸಂಖ್ಯೆ ಇರುವುದೇ ಅದಕ್ಕಾಗಿ. ಕೈಯಲ್ಲಿರುವ ಕೀಲಿಮಣೆಯೇ ಈ ಕಂಪ್ಯೂಟರಿಗೆ ಜೋಡಣೆಯಾಗುತ್ತಿದೆ ಎಂದು ಖಚಿತವಾದ ಮೇಲೆ ಇಬ್ಬರ ನಡುವಿನ ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆ. ಒಂದು ಎಚ್ಚರಿಕೆ: ಬಯೋಸ್ ಪರದೆಗೆ ಬ್ಲೂಟೂತ್ ಕೀಲಿಮಣೆ ಕಾಣುವುದಿಲ್ಲ. ತಂತಿಯ ಕೀಲಿಮಣೆಯನ್ನು ಕಿತ್ತು ಬೀರುವಿಗೆ ಸೇರಿಸಬಾರದು.

ಇನ್ನು ಪಾಠದ ತಿರುಳು. ‘ಎ’ ಕೀಲಿ ಒತ್ತಿದರೆ ಕಂಪ್ಯೂಟರಿಗೆ ‘ಎ’ ಹೋಗುತ್ತದೆ ಎಂದೇ ಮಕ್ಕಳೆಲ್ಲ ಹೇಳಿದರು. ವಾಸ್ತವದಲ್ಲಿ ಹೋಗುವುದು ಅಕ್ಷರವಲ್ಲ, ಕೀಲಿ ಇರುವ ಜಾಗದ ಸಂಖ್ಯೆ. ಎಚ್‌ಐಡಿ ಎಂಬ ಸಾರ್ವತ್ರಿಕ ಒಪ್ಪಂದದಲ್ಲಿ ‘ಎ’ ಜಾಗಕ್ಕೆ 4, ‘ಎಚ್’ಗೆ 11, ‘ಝಡ್’ಗೆ 29, ಎಂಟರ್‌ಗೆ 40. ಯುಎಸ್‌ಬಿಗಾಗಿ ರೂಪುಗೊಂಡ ಈ ಒಪ್ಪಂದವನ್ನು ಬ್ಲೂಟೂತ್ ಕೂಡ ಬಳಸುತ್ತದೆ. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರ್.

ಇದನ್ನು ಹೇಳಿ ಮುಗಿಸದೆ ಆಟ ಆಡಿಸಿದೆ. ಗುಂಪಿನಲ್ಲಿ ಒಬ್ಬರು ಕೀಲಿಮಣೆ, ಒಬ್ಬರು ಕಂಪ್ಯೂಟರ್. ಕೀಲಿಮಣೆ ಸಂಖ್ಯೆಯನ್ನಷ್ಟೇ ಕೂಗಬೇಕು. ಕಂಪ್ಯೂಟರ್ ತನ್ನ ಕೈಯಲ್ಲಿರುವ ಕೋಷ್ಟಕ ನೋಡಿ ಬರೆಯಬೇಕು. ಮೂರು ಕೋಷ್ಟಕ ಕೊಟ್ಟಿದ್ದೆ: ಇಂಗ್ಲಿಷ್, ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್, ಮತ್ತು ನುಡಿ ತಂತ್ರಾಂಶದಿಂದ ನಮಗೆ ಪರಿಚಿತವಾದ ಕೆ.ಪಿ. ರಾವ್ ವಿನ್ಯಾಸ. 11 ಎಂದು ಕೂಗಿದಾಗ ಮೊದಲನೆಯ ಗುಂಪು ‘ಎಚ್’ ಬರೆಯಿತು, ಎರಡನೆಯದು ‘ಪ’, ಮೂರನೆಯದು ‘ಹ’. ಒಂದೇ ಕೂಗಿಗೆ ಮೂರು ಅಕ್ಷರ ಬಂದದ್ದಕ್ಕೆ ಸ್ವಲ್ಪ ಜಗಳವೂ ಆಯಿತು. ಆ ಜಗಳ ನಡೆಯಲಿ ಎಂದು ನಾನು ಸುಮ್ಮನಿದ್ದೆ.

ಎಣಿಕೆ 4ರಿಂದ ಏಕೆ, 1ರಿಂದ ಏಕಲ್ಲ ಎಂದು ಒಬ್ಬಳು ಕೇಳಿದಳು. 0 ಎಂದರೆ ಯಾವ ಕೀಲಿಯನ್ನೂ ಒತ್ತಿಲ್ಲ; 1ರಿಂದ 3 ದೋಷ ತಿಳಿಸಲು ಮೀಸಲು. ಸಾಮಾನ್ಯ ಕೀಲಿಮಣೆಯ ಸಂದೇಶ 8 ಬೈಟ್‌ಗಳದ್ದು. ಮೊದಲ ಬೈಟಿನ ಎಂಟು ಬಿಟ್‌ಗಳು ಕಂಟ್ರೋಲ್, ಶಿಫ್ಟ್‌ನಂಥ ಎಂಟು ಕೀಲಿಗಳಿಗೆ, ಎರಡನೆಯದು ಖಾಲಿ, ಉಳಿದ ಆರು ಒತ್ತಿದ ಕೀಲಿಗಳಿಗೆ. ಆರಕ್ಕಿಂತ ಹೆಚ್ಚು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆರೂ ಜಾಗದಲ್ಲಿ 1 ಎಂದು ಬರುತ್ತದೆ, ‘ಲೆಕ್ಕ ತಪ್ಪಿತು’ ಎಂಬ ಹಾಗೆ. ಅನಂತರ ಎಲ್ಲರೂ ಅಂಗೈ ಊರಿ ಒತ್ತಲು ಮುಂದಾದರು. ಐದು ನಿಮಿಷ ಹೋಯಿತು, ವ್ಯರ್ಥವೆಂದು ನನಗನಿಸಿಲ್ಲ.

ಬೇರೆ ಕಂಪ್ಯೂಟರಿಗಾಗಿ ಮಾಡಿದ ಕೀಲಿಮಣೆ ಇಲ್ಲಿ ಏಕೆ ಕೆಲಸ ಮಾಡಿತು ಎಂಬುದನ್ನು ಆಮೇಲೆ ಮಕ್ಕಳೇ ಹೇಳಿದರು. ನಾನು ಸೇರಿಸಬೇಕಾದದ್ದು ಎರಡೇ. ಆಪಲ್‌ನ ಕಮಾಂಡ್ ಕೀಲಿಯೂ ನಮ್ಮ ವಿಂಡೋಸ್ ಕೀಲಿಯೂ ಒಪ್ಪಂದದ ಪ್ರಕಾರ ಒಂದೇ. ಹೆಸರು, ಚಿತ್ರ, ಜಾಗ ಮಾತ್ರ ಬೇರೆ. ಎರಡನೆಯದು ಮೇಲಿನ ಸಾಲು: ಸ್ಪ್ರೆಡ್‌ಶೀಟಿನಲ್ಲಿ ಕೋಶ ತಿದ್ದಲು ಎಫ್2 ಒತ್ತಿದರೆ ಅದು ಪರದೆಯ ಬೆಳಕಿನ ಕೀಲಿಯಂತೆ ವರ್ತಿಸುತ್ತದೆ. ಪ್ರತಿ ಸಲ ‘ಎಫ್‌ಎನ್’ ಹಿಡಿಯುವ ಬದಲು, ಕಂಪ್ಯೂಟರ್ ಶಿಕ್ಷಕರ ಅನುಮತಿ ಪಡೆದು ಲಿನಕ್ಸ್‌ನ ಎಚ್‌ಐಡಿ-ಆಪಲ್ ಡ್ರೈವರ್‌ನಲ್ಲಿ ‘ಎಫ್‌ಎನ್‌ಮೋಡ್’ ಮೌಲ್ಯವನ್ನು 2 ಮಾಡಿದೆವು. ಕಮಾಂಡ್ ಮತ್ತು ಆಲ್ಟ್ ಜಾಗಗಳನ್ನು ಅದಲುಬದಲು ಮಾಡುವ ಸೌಲಭ್ಯವೂ ಅಲ್ಲೇ ಇದೆ. ಅದನ್ನು ಬೇಡವೆಂದೆ. ಕೀಲಿಯ ಮೇಲೆ ಅಚ್ಚಾದದ್ದು ಒಂದು, ಆಗುವುದು ಇನ್ನೊಂದು ಎಂದಾದರೆ ಹೊಸಬರಿಗೆ ಕಷ್ಟ.

ಅವಲೋಕನಕ್ಕೆ ಬಂದ ಉಪನ್ಯಾಸಕರು ‘ಇದು ಪಠ್ಯದಲ್ಲಿ ಎಲ್ಲಿದೆ?’ ಎಂದು ಕೇಳಿದರು. ಇನ್‌ಪುಟ್ ಸಾಧನಗಳು ಎಂಬ ಶೀರ್ಷಿಕೆಯಡಿ ಇದೆ ಎಂದೆ. ಆ ಶೀರ್ಷಿಕೆಯಡಿ ನಾವು ಸಾಧನಗಳ ಹೆಸರಿನ ಪಟ್ಟಿ ಬರೆಸಿ ಮುಗಿಸುತ್ತೇವೆ, ಅಷ್ಟೆ. ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿದೆ: ಕೀಲಿಮಣೆಯನ್ನು ಆ ವಿದ್ಯಾರ್ಥಿನಿಗಾಗಿ ತಂದದ್ದು ಎಂದು ತರಗತಿಯಲ್ಲಿ ನಾನು ಸಾರಲಿಲ್ಲ. ಮೊದಲು ಎಲ್ಲರ ಕೈಗೂ ಹೋಯಿತು. ಅವಳ ಸರದಿಯಲ್ಲಿ ಅವಳ ಕೈಗೆ ಬಂತು, ಮುಂದಿನ ವಾರದಿಂದ ಅಲ್ಲೇ ಉಳಿಯಿತು.

ತೊಡೆಯ ಮೇಲೆ ಪರೀಕ್ಷೆಯ ರಟ್ಟು, ಅದರ ಮೇಲೆ ಕೀಲಿಮಣೆ. ಬೆರಳಚ್ಚು ಸರಾಗವಾಯಿತು, ಆದರೆ ಮೌಸ್ ಮೇಜಿನ ಮೇಲೇ ಉಳಿಯಿತು. ಕೀಲಿಗಳಿಂದಲೇ ಮೌಸ್ ಬಾಣವನ್ನು ಚಲಿಸುವ ಸೌಲಭ್ಯ ಉಬುಂಟುವಿನಲ್ಲಿದೆ. ಆದರೆ ಅದಕ್ಕೆ ಬಲಬದಿಯ ಅಂಕೆಗಳ ಭಾಗ ಬೇಕು, ಈ ಪುಟ್ಟ ಕೀಲಿಮಣೆಯಲ್ಲಿ ಅದಿಲ್ಲ. ಹಾಗಾಗಿ ಕಮಾಂಡ್ ಒತ್ತಿ ತಂತ್ರಾಂಶದ ಹೆಸರು ಬೆರಳಚ್ಚಿಸಿ ಎಂಟರ್ ಕೊಡುವುದು, ಎಫ್10ರಿಂದ ಮೆನುವಿಗೆ ಹೋಗುವುದು, ಕಮಾಂಡ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಕನ್ನಡ–ಇಂಗ್ಲಿಷ್ ಬದಲಿಸುವುದು, ಇವನ್ನು ಹೇಳಿಕೊಟ್ಟೆ. ಲಿಖಿತ ಪರೀಕ್ಷೆ ಮಾಡಿ ಅಂಕ ಹಾಕಿದ್ದೂ ಉಂಟು. ಆದರೆ ಪಾಠ ತಲುಪಿದೆ ಎಂದು ನನಗೆ ಖಚಿತವಾದದ್ದು ಬೇರೆ ಕಡೆ. ಪಕ್ಕದ ಕಂಪ್ಯೂಟರಿನ ಹುಡುಗ ತಂತ್ರಾಂಶದ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದರೆ ಪರದೆಯಲ್ಲಿ ಕನ್ನಡ ಅಕ್ಷರಗಳು ಬರುತ್ತಿದ್ದವು. ಕೀಲಿಮಣೆ ಕೆಟ್ಟಿದೆ ಎಂದು ಅವನು ನನ್ನನ್ನು ಕೂಗಿದ. ನಾನು ಹೋಗುವಷ್ಟರಲ್ಲಿ ಅವಳು ತಾನು ಕೂತಲ್ಲಿಂದಲೇ ಹೇಳಿದಳು: ‘ಕೀಲಿಮಣೆ ಕೆಟ್ಟಿಲ್ಲ ಕಣೋ. ಕೋಷ್ಟಕ ಬದಲಾಯಿಸು.’