ಬೆಲೆ ನೋಡುವ ಮುನ್ನ ಟೈಪ್ ನೋಡಿ

ಕೆಂಭಾವಿಯ ಹತ್ತಿ ವ್ಯಾಪಾರಿಯೊಬ್ಬರಿಗೆ ಸಿ ಭಾಷೆಯಲ್ಲಿ ಸಣ್ಣದೊಂದು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೀರಿ ಎನ್ನೋಣ. ಕಾಟಾದಲ್ಲಿ 9.5 ಕ್ವಿಂಟಲ್ ತೂಗಿದ ಹತ್ತಿ ಪಟ್ಟಿಯಲ್ಲಿ 9 ಆಗಿ ಬರುತ್ತಿದೆ. ಅರ್ಧ ಕ್ವಿಂಟಲ್ ದುಡ್ಡು ಹೋದರೆ ಯಾವ ರೈತ ಸುಮ್ಮನಿರುತ್ತಾನೆ? ಇಂಥ ತಪ್ಪು ಹಿಡಿಯಲು ಜಿಡಿಬಿ ಸಾಕು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಈ ಉಚಿತ ಡೀಬಗರ್ ಹಳೆಯ ಲ್ಯಾಪ್‌ಟಾಪಿನಲ್ಲೂ ನೆಟ್ ಇಲ್ಲದೆ ಓಡುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಿ.

ಮೊದಲು ಜಿಸಿಸಿಗೆ ‘-ಜಿ’ ಕೊಟ್ಟು ಕಂಪೈಲ್ ಮಾಡಿ. ಅದಿಲ್ಲದಿದ್ದರೆ ನಿಮ್ಮ ಸ್ಟ್ರಕ್ಟ್‌ಗಳ ವಿವರ ಫೈಲಿನೊಳಗೆ ಸೇರುವುದೇ ಇಲ್ಲ. ಆಪ್ಟಿಮೈಸೇಶನ್ ಕೂಡ ಬೇಡ. ಇದ್ದರೆ ಕೆಲವು ವೇರಿಯಬಲ್‌ಗಳು ಕೈಗೆ ಸಿಗುವುದಿಲ್ಲ.

ಪಟ್ಟಿ ಮುದ್ರಿಸುವ ಫಂಕ್ಷನ್‌ಗೆ ‘ಬ್ರೇಕ್’ ಇಟ್ಟು ‘ರನ್’ ಕೊಡಿ. ನಿಂತ ಕೂಡಲೇ ಎಲ್ಲರ ಕೈ ‘ಪ್ರಿಂಟ್’ ಕಡೆಗೇ ಹೋಗುತ್ತದೆ. ಅದು 9 ಎನ್ನುತ್ತದೆ. ಅಷ್ಟು ನಿಮಗೂ ಗೊತ್ತಿತ್ತು. ಬದಲಿಗೆ ‘ಪಿಟೈಪ್ ರೈತ’ ಎನ್ನಿ; ರೈತ ಎಂಬುದು ಒಬ್ಬ ರೈತನ ಲೆಕ್ಕವಿರುವ ಸ್ಟ್ರಕ್ಟ್ ವೇರಿಯಬಲ್. ಸ್ಟ್ರಕ್ಟ್‌ನ ಒಳಗೆಲ್ಲ ತೆರೆದುಕೊಳ್ಳುತ್ತದೆ: ಗ್ರೇಡ್ ಚಾರ್, ತೂಕ ‘ತೂಕ_ಟಿ’, ಚೀಲಗಳು ಇಂಟ್. ಈ ‘ತೂಕ_ಟಿ’ ಎಂಬುದು ಟೈಪ್‌ಡೆಫ್‌ನ ಹೆಸರು. ಸ್ಟ್ರಕ್ಟ್‌ನೊಳಗಿರುವ ಇಂಥ ಹೆಸರನ್ನು ಪಿಟೈಪ್ ಬಿಡಿಸುವುದಿಲ್ಲ. ‘ವಾಟ್‌ಈಸ್ ರೈತ.ತೂಕ’ ಎಂದು ಕೇಳಿದರೂ ಅದೇ ಹೆಸರು ಬರುತ್ತದೆ. ‘ಪಿಟೈಪ್ ರೈತ.ತೂಕ’ ಎಂದಾಗ ಮಾತ್ರ ಬುಡ ಕಾಣುತ್ತದೆ: ಇಂಟ್. ದಶಾಂಶ ನುಂಗಿದ್ದು ಇದೇ.

ರೈತ ಪಾಯಿಂಟರ್ ಆಗಿದ್ದರೆ ಪಿಟೈಪ್ ಉತ್ತರದ ಕೊನೆಗೆ ನಕ್ಷತ್ರ ಚಿಹ್ನೆ ಇರುತ್ತದೆ. ಆಗ ಪ್ರಿಂಟ್ ಕೊಡುವಾಗ ಹೆಸರಿಗೆ ಮೊದಲು ನಕ್ಷತ್ರ ಹಾಕಿ, ಇಲ್ಲವಾದರೆ ಬರೀ ವಿಳಾಸ ಬರುತ್ತದೆ. ‘ಸೆಟ್ ಪ್ರಿಂಟ್ ಪ್ರೆಟಿ ಆನ್’ ಎಂದರೆ ಫೀಲ್ಡ್‌ಗಳು ಸಾಲುಸಾಲಾಗಿ ಕಾಣುತ್ತವೆ.

ಈಗ ತೂಕ_ಟಿಯನ್ನು ಡಬಲ್ ಮಾಡಿ, ಮತ್ತೆ ಕಂಪೈಲ್ ಮಾಡಿ, ‘ಪಿಟೈಪ್/ಓ’ ಜೊತೆಗೆ ಸ್ಟ್ರಕ್ಟ್‌ನ ಹೆಸರು ಕೊಟ್ಟು ನೋಡಿ. 2018ರ 8.1 ಆವೃತ್ತಿಯಿಂದ ಬಂದಿರುವ ಈ ಸೌಲಭ್ಯ ನನಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ಫೀಲ್ಡ್ ಎಲ್ಲಿ ಶುರು, ಎಷ್ಟು ಬೈಟ್, ನಡುವೆ ಎಲ್ಲಿ ಖಾಲಿ ಎಂದು ತೋರಿಸುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಮೊದಲು 12 ಬೈಟ್ ಇದ್ದ ಸ್ಟ್ರಕ್ಟ್ ಈಗ 24 ಆಗಿದೆ. ಡಬಲ್ 8ರ ಗುಣಕದಲ್ಲೇ ಕೂರಬೇಕು; ಹಾಗಾಗಿ ಚಾರ್ ಆದಮೇಲೆ 7 ಬೈಟ್, ಕೊನೆಯಲ್ಲಿ 4 ಬೈಟ್ ಬರಿದೇ ಬಿದ್ದಿವೆ. ಡಬಲ್, ಇಂಟ್, ಚಾರ್ ಎಂಬ ಕ್ರಮದಲ್ಲಿ ಬರೆಯಿರಿ, 16ಕ್ಕೆ ಇಳಿಯುತ್ತದೆ.

ಹಳೆಯ ದಾಖಲೆಗಳನ್ನು ‘ಎಫ್‌ರೈಟ್’ನಿಂದ ನೇರ ಫೈಲಿಗೆ ಬರೆದಿದ್ದರೆ ಅವು 12 ಬೈಟಿನ ಲೆಕ್ಕದಲ್ಲಿವೆ. ಹೊಸ ಪ್ರೋಗ್ರಾಂ ಅವನ್ನು ತಪ್ಪಾಗಿ ಓದುತ್ತದೆ. ಹಳೆಯ ಸ್ಟ್ರಕ್ಟ್‌ನಿಂದಲೇ ಓದಿ, ಹೊಸದಕ್ಕೆ ಬದಲಿಸಿಟ್ಟ ಮೇಲೆಯೇ ಅಂಗಡಿಗೆ ಕೊಡಿ.