ಮನೆಯಲ್ಲಿ ಕಾಫಿ ಕೆಡದಂತೆ ಇಡುವ ಬಗೆ



ಗಿಡಕ್ಕೆ ಯಾವಾಗ ನೀರು ಕೊಡಬೇಕು, ಬೋರ್ಡೋ ದ್ರಾವಣ ಯಾವಾಗ ಸಿಂಪಡಿಸಬೇಕು, ಹಣ್ಣನ್ನು ಕಣದಲ್ಲಿ ಎಷ್ಟು ದಿನ ಒಣಗಿಸಬೇಕು ಎಂಬುದನ್ನೆಲ್ಲ ನಾವು ಬಲ್ಲೆವು. ಅದೇ ಕಾಫಿ ಪುಡಿಯಾಗಿ ಅಡುಗೆಮನೆಯ ಗೂಡಿಗೆ ಬಂದ ಮೇಲೆ ಮಾತ್ರ ಅದರ ಕಡೆ ನಮ್ಮ ಲಕ್ಷ್ಯವಿಲ್ಲ. ವರ್ಷವೆಲ್ಲ ದುಡಿದು ತೆಗೆದ ಪರಿಮಳವನ್ನು ಒಲೆಯ ಪಕ್ಕದ ಸಡಿಲ ಮುಚ್ಚಳದ ಡಬ್ಬಿಯಲ್ಲಿ ಹತ್ತು ದಿನದೊಳಗೆ ಕಳೆದುಬಿಡುತ್ತೇವೆ. ಆದ್ದರಿಂದ ಈ ಪಾಠವನ್ನು ತೋಟದಿಂದಲ್ಲ, ಅಡುಗೆಮನೆಯಿಂದ ತೊಡಗುತ್ತೇವೆ.

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಸುತ್ತಿನ ಹಳ್ಳಿಗಳನ್ನೇ ನೋಡಿರಿ. ಇದು ರಾಗಿ, ಅವರೆ, ಮಾವು, ತೆಂಗುಗಳ ಸೀಮೆ; ನೀರಿದ್ದ ಕಡೆ ಅಡಿಕೆ ತೋಟ. ಕಾಫಿ ಇಲ್ಲಿಯ ಹಳೆಯ ಬೆಳೆಯಲ್ಲ. ಆದರೆ ಬೆಳಿಗ್ಗೆ ಎದ್ದು ಕಾಫಿ ಕಾಣದೆ ತೋಟಕ್ಕೆ ಹೋಗುವವರು ಇಲ್ಲಿಯೂ ಕಡಿಮೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಬೀಜ ಬೆಂಗಳೂರಿನಲ್ಲಿಯೋ ಮಾಗಡಿಯಲ್ಲಿಯೋ ಹುರಿದು ಪುಡಿಯಾಗಿ ಇಲ್ಲಿಗೆ ಬರುತ್ತದೆ. ಪೇಟೆಗೆ ಹೋದವರು ಮತ್ತೆ ಯಾವಾಗ ಬರುತ್ತೇವೋ ಎಂದು ಒಮ್ಮೆಗೇ ಒಂದು ಕಿಲೋ ಕಟ್ಟಿಸಿಕೊಂಡು ಬರುವುದು ರೂಢಿ. ಕೆಡುಕಿನ ಆರಂಭ ಅಲ್ಲಿಯೇ.

ಲೆಕ್ಕ ಹಾಕೋಣ. ಮನೆಯಲ್ಲಿ ನಾಲ್ಕು ಮಂದಿ ದೊಡ್ಡವರು, ದಿನಕ್ಕೆ ಎರಡು ಸಲ ಕಾಫಿ, ಲೋಟಕ್ಕೆ ಸುಮಾರು 6 ಗ್ರಾಂ ಪುಡಿ ಎಂದು ಹಿಡಿದರೆ ದಿನಕ್ಕೆ 48 ಗ್ರಾಂ ಆಯಿತು. 250 ಗ್ರಾಂ ಪೊಟ್ಟಣ ಐದು ದಿನಕ್ಕೆ ಸರಿಹೋಗುತ್ತದೆ. ಒಂದು ಕಿಲೋ ತಂದರೆ ಇಪ್ಪತ್ತು ದಿನ ಬರುತ್ತದೆ. ಪುಡಿಯ ಒಳ್ಳೆಯ ಆಯುಸ್ಸು, ಡಬ್ಬಿ ತೆರೆದ ಮೇಲೆ, ಒಂದು ವಾರ ಅಥವಾ ಹತ್ತು ದಿನ. ಎಂದರೆ ಕಿಲೋ ಪುಡಿಯಲ್ಲಿ ಅರ್ಧವನ್ನು ನಾವು ಹಳಸಿದ ಮೇಲೆಯೇ ಕುಡಿಯುತ್ತೇವೆ. ಹಳಸಿತೆಂದರೆ ವಿಷವಾಯಿತೆಂದಲ್ಲ. ಸ್ವಾದ ಹೋಯಿತು, ಕಹಿ ಉಳಿಯಿತು. ಡಿಕಾಕ್ಷನ್ ಸಪ್ಪೆ ಎಂದು ಮನೆಯಾಕೆ ಇನ್ನೊಂದು ಚಮಚ ಪುಡಿ ಹಾಕುತ್ತಾರೆ. ಖರ್ಚು ಏರುತ್ತದೆ, ಪರಿಮಳ ಮಾತ್ರ ಬರುವುದಿಲ್ಲ. ದೂರು ಮಾತ್ರ ಯಾವಾಗಲೂ ಅಂಗಡಿಯವನ ಮೇಲೆ!

ಇದಕ್ಕೆ ಕಾರಣವೇನು? ಹಸಿ ಬೀಜಕ್ಕೆ ಪರಿಮಳವಿಲ್ಲ. ಅದು ಹುರಿಯುವಾಗ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಗಾಳಿಗೆ ಹಾರುವ ಸುವಾಸನೆಯ ವಸ್ತುಗಳನ್ನು ವಿಜ್ಞಾನಿಗಳು ನೂರುಗಟ್ಟಲೆ ಗುರುತಿಸಿದ್ದಾರೆ. ಜೊತೆಗೆ ಬೀಜದೊಳಗೆ ಇಂಗಾಲದ ಡೈ ಆಕ್ಸೈಡ್ ಅನಿಲವೂ ತುಂಬಿಕೊಳ್ಳುತ್ತದೆ. ಈ ಅನಿಲ ಕೆಲವು ದಿನಗಳವರೆಗೆ ಮೆಲ್ಲಮೆಲ್ಲನೆ ಹೊರಬರುತ್ತಿರುತ್ತದೆ. ಅದು ಇರುವವರೆಗೆ ಹೊರಗಿನ ಗಾಳಿ ಒಳಗೆ ಸುಲಭವಾಗಿ ನುಗ್ಗಲಾರದು. ಬೀಜವನ್ನು ಪುಡಿ ಮಾಡಿದೊಡನೆ ಗೂಡುಗಳೆಲ್ಲ ಒಡೆದು ಅನಿಲದ ಬಹುಪಾಲು ಹಾರಿಹೋಗುತ್ತದೆ, ಗಾಳಿಯ ಆಮ್ಲಜನಕ ಒಳಹೊಕ್ಕು ಕಾಫಿಯ ಎಣ್ಣೆಯಂಶವನ್ನು ಕಮಟಾಗಿಸುತ್ತದೆ. ಹಳೆಯ ಕೊಬ್ಬರಿ ಕಮಟು ಹಿಡಿಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕದಲ್ಲಿ ಎಣ್ಣೆಯಂಶ ಸುಮಾರು ಶೇಕಡ 15, ರೊಬಸ್ಟದಲ್ಲಿ ಸುಮಾರು ಶೇಕಡ 10. ಕಪ್ಪಾಗಿ ಹುರಿದ ಬೀಜದಲ್ಲಿ ಈ ಎಣ್ಣೆ ಮೇಲಕ್ಕೆ ಒಸರಿ ಮಿರುಗುತ್ತದೆ. ಹಾಗೆ ಮಿರುಗುವ ಬೀಜ ನೋಡಲು ಚೆಂದ, ಇಡಲು ಕಷ್ಟ.

ಗಾಳಿಯ ಜೊತೆಗೆ ತೇವ, ಬಿಸಿ, ಬೆಳಕು ಇವೂ ಶತ್ರುಗಳೇ. ನಮ್ಮ ಬಯಲುಸೀಮೆಯಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಒಣ ಹವೆಯಲ್ಲಿ ಪುಡಿ ಗಂಟು ಕಟ್ಟುವುದಿಲ್ಲ; ಆದರೆ ಶೀಟಿನ ಮನೆಯ ಕಾವಿಗೆ ಪರಿಮಳ ಬೇಗ ಹಾರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ತೇವದ ಕಾಟ. ಚಿಕೋರಿ ಬೆರೆತ ಪುಡಿಗೆ ಈ ಕಾಟ ಹೆಚ್ಚು. ಚಿಕೋರಿ ಎಂಬುದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದು ಗಾಳಿಯ ತೇವವನ್ನು ಬೆಲ್ಲದಂತೆ ಹೀರಿಕೊಂಡು ಗಟ್ಟಿ ಹೆಂಟೆಯಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸಾಧ್ಯವಿದ್ದವರು ಕಾಫಿ ಪುಡಿಯನ್ನೂ ಚಿಕೋರಿಯನ್ನೂ ಬೇರೆ ಬೇರೆಯಾಗಿ ತಂದು ಫಿಲ್ಟರಿಗೆ ಹಾಕುವಾಗ ಬೆರೆಸಿಕೊಳ್ಳುವುದು ಮೇಲು. ಮಿಶ್ರಣ ಕೊಳ್ಳುವವರು ಪೊಟ್ಟಣದ ಮೇಲಿನ ಬರಹವನ್ನು ಓದಬೇಕು. ಕಾಯಿದೆಯ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆ ಇರಕೂಡದು. ಅನುಮಾನ ಬಂದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿರಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಬಣ್ಣದ ಎಳೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ.

ಇನ್ನು ಡಬ್ಬಿಯ ವಿಚಾರ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಉತ್ತಮ. ಗಾಜಿನ ಶೀಸೆಯೂ ಆದೀತು, ಆದರೆ ಕತ್ತಲೆಯ ಕಪಾಟಿನಲ್ಲಿರಬೇಕು. ಕಿಟಕಿಯ ಬಳಿ ಸಾಲಾಗಿ ಜೋಡಿಸಿದರೆ ಬೆಳಕು ತನ್ನ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಮೊದಲು ತುಂಬಿದ್ದ ಸಾರಿನ ಪುಡಿಯ ವಾಸನೆ ಹೋಗುವುದೇ ಇಲ್ಲ, ಅದನ್ನು ಬಿಡಿ. ದೊಡ್ಡ ಡಬ್ಬಿಯ ತಳದಲ್ಲಿ ಒಂದು ಹಿಡಿ ಪುಡಿ ಇಟ್ಟರೆ ಉಳಿದ ಜಾಗವೆಲ್ಲ ಗಾಳಿಯೇ ಅಲ್ಲವೇ? ತಂದ ಪುಡಿಯನ್ನು ಎರಡು ಮೂರು ಸಣ್ಣ ಡಬ್ಬಿಗಳಿಗೆ ಕಂಠಮಟ್ಟ ತುಂಬಿ, ಒಂದನ್ನು ಮಾತ್ರ ದಿನಬಳಕೆಗೆ ತೆರೆಯಿರಿ. ಒಂದು ಮುಗಿದ ಮೇಲೆ ಇನ್ನೊಂದು. ಗಿರಣಿಯಿಂದ ಬಿಸಿಯಾಗಿ ತಂದ ಪುಡಿಯನ್ನು ಮಾತ್ರ ಕೂಡಲೇ ಬಿಗಿದು ಮುಚ್ಚಬೇಡಿರಿ. ಶುಭ್ರ ಕಾಗದದ ಮೇಲೆ ಸ್ವಲ್ಪ ಹೊತ್ತು ಹರಡಿ, ಆರಿದ ಮೇಲೆ ತುಂಬಿರಿ. ಡಬ್ಬಿಯ ಜಾಗ ಒಲೆಯಿಂದ ದೂರವಿರಲಿ. ಪುಡಿ ತೆಗೆಯುವ ಚಮಚ ಒಣಗಿರಲಿ. ಡಬ್ಬಿಯ ಬಾಯನ್ನು ಕುದಿಯುವ ಪಾತ್ರೆಯ ಆವಿಯ ಮೇಲೆ ಹಿಡಿದು ಪುಡಿ ಸುರಿಯುವ ಅಭ್ಯಾಸ ಹಲವು ಮನೆಗಳಲ್ಲಿದೆ, ಅದನ್ನು ನಿಲ್ಲಿಸಬೇಕು.

ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಕೇಳುವವರುಂಟು. ದಿನಬಳಕೆಯ ಡಬ್ಬಿಯನ್ನು ಇಡಬೇಡಿರೆಂದೇ ನಮ್ಮ ಸಲಹೆ. ತಣ್ಣನೆಯ ಡಬ್ಬಿಯನ್ನು ಹೊರತೆಗೆದು ತೆರೆದೊಡನೆ ಗಾಳಿಯ ತೇವ ಪುಡಿಯ ಮೇಲೆ ಬೆವರಿನಂತೆ ಕೂರುತ್ತದೆ. ಬೆಳ್ಳುಳ್ಳಿ, ಮೊಸರು, ಮಾಂಸದ ವಾಸನೆಯನ್ನೂ ಕಾಫಿ ಬೇಗ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಇಡಲೇಬೇಕಾದ ಹುರಿದ ಬೀಜವನ್ನು ಸಣ್ಣ ಪೊಟ್ಟಣಗಳಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಇಡುವುದು ಬೇರೆ ಮಾತು. ಹೊರತೆಗೆದ ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಬೇಕು, ಮತ್ತೆ ಒಳಗಿಡಕೂಡದು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುವ ಊರಿನಲ್ಲಿ ಈ ಸಾಹಸವೇ ಬೇಡ.

ಸ್ವಂತ ಬೀಜ ಇದ್ದವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಪುಡಿಗಿಂತ ಹುರಿದ ಬೀಜ, ಹುರಿದ ಬೀಜಕ್ಕಿಂತ ಹಸಿ ಬೀಜ, ಹಸಿ ಬೀಜಕ್ಕಿಂತ ಸಿಪ್ಪೆಯೊಳಗಿನ ಬೀಜ ಹೆಚ್ಚು ಕಾಲ ಬಾಳುತ್ತದೆ. ಮಲೆನಾಡಿನ ಹಿರಿಯರು ಮನೆಬಳಕೆಗೆ ಒಣಚೆರಿಯನ್ನೇ ಇಟ್ಟುಕೊಂಡು, ಬೇಕಾದಷ್ಟನ್ನೇ ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಹುರಿಯುತ್ತಿದ್ದುದು ಬಡತನದಿಂದಲ್ಲ, ಬುದ್ಧಿಯಿಂದ. ಹುರಿದ ಬೀಜ ಬಿಗಿ ಡಬ್ಬಿಯಲ್ಲಿ ಎರಡರಿಂದ ನಾಲ್ಕು ವಾರ ಚೆನ್ನಾಗಿರುತ್ತದೆ. ಎರಡು ದಿನಕ್ಕೊಮ್ಮೆ ಕೈಮಿಷಿನ್ನಿನಲ್ಲಿ ಪುಡಿ ಮಾಡಿಕೊಂಡರೆ ಸಾಕು.

ಆದರೆ ಚೆರಿ ಚೆನ್ನಾಗಿ ಒಣಗಿರಬೇಕು. ಒಂದು ಹಿಡಿ ತೆಗೆದು ಅಲುಗಿಸಿದರೆ ಗಲಗಲ ಸದ್ದು ಬರಬೇಕು. ಒಂದೇ ಅಳತೆಯ ಡಬ್ಬಿ ತುಂಬಿ ತೂಗಿದರೆ ಎರಡು ದಿನವೂ ತೂಕ ಒಂದೇ ಬರಬೇಕು. ಹಸಿ ಉಳಿದ ಚೆರಿಗೆ ಬೂಸಲು ಹಿಡಿಯುತ್ತದೆ, ಮತ್ತು ಕೆಲವು ಬೂಸಲುಗಳ ವಿಷ ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಬೂಸಲು ವಾಸನೆ ಬಂದ ಬೀಜವನ್ನು ಮನೆಮಂದಿಗೆ ಸಾಕೆಂದು ಉಳಿಸಿಕೊಳ್ಳುವ ಪದ್ಧತಿ ಬಿಡಬೇಕು. ಮೂಟೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಬೇಕು. ಅದೇ ಕೋಣೆಯಲ್ಲಿ ಗೊಬ್ಬರ, ಔಷಧಿ, ಸೀಮೆಎಣ್ಣೆ ಇರಕೂಡದು.

ಅಡಿಕೆ ಬೆಳೆಗಾರರು ಇನ್ನೊಂದನ್ನು ಗಮನಿಸಬೇಕು. ದಾಸ್ತಾನಿನ ಅಡಿಕೆಯನ್ನು ಕೊರೆದು ಪುಡಿ ಉದುರಿಸುವ ಕಂದುಬಣ್ಣದ ಸಣ್ಣ ದುಂಬಿಗೆ ಶಾಸ್ತ್ರೀಯವಾಗಿ ಅರೆಸೀರಸ್ ಫ್ಯಾಸಿಕ್ಯುಲೇಟಸ್ ಎಂದು ಹೆಸರು. ಅದು ಕಾಫಿ ಬೀಜವನ್ನೂ ಬಿಡುವುದಿಲ್ಲ. ಒಂದೇ ಅಟ್ಟದಲ್ಲಿ ಹಳೆಯ ಅಡಿಕೆಯನ್ನೂ ಹೊಸ ಕಾಫಿಯನ್ನೂ ಒಟ್ಟಿದರೆ ಹುಳಕ್ಕೆ ನಾವೇ ಊಟ ಬಡಿಸಿದಂತೆ.

ತೇವದ ಗಾಳಿ ಕಾಫಿಯನ್ನು ಎಷ್ಟು ಬದಲಾಯಿಸಬಲ್ಲದು ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಹಿಂದೆ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದ ಬೀಜ ಯುರೋಪು ತಲುಪುವಷ್ಟರಲ್ಲಿ ಊದಿ ಹೊಂಬಣ್ಣಕ್ಕೆ ತಿರುಗುತ್ತಿತ್ತು, ಅಲ್ಲಿಯವರಿಗೆ ಅದೇ ರುಚಿ ಹತ್ತಿತು. ಈಗ ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ಗೋದಾಮಿನಲ್ಲಿ ಹರಡಿ, ಕೆದಕಿ, ಬೇಕೆಂದೇ ಮಳೆಗಾಳಿ ಕುಡಿಸಿ ಮಾನ್ಸೂನ್ಡ್ ಮಲಬಾರ್ ಎಂದು ಮಾರುತ್ತಾರೆ. ಅದು ತಿಳಿದವರು ಅಳತೆಯಿಟ್ಟು ಮಾಡುವ ಕೆಲಸ. ನಮ್ಮ ಅಟ್ಟದಲ್ಲಿ ತಾನಾಗಿ ಆಗುವುದಕ್ಕೆ ಆ ಹೆಸರೂ ಇಲ್ಲ, ಆ ಬೆಲೆಯೂ ಇಲ್ಲ.

ಈ ಎಲ್ಲ ಮಾತನ್ನು ಈಗ ಆಡಲು ಕಾರಣವಿದೆ. 1942ರ ಕಾಫಿ ಕಾಯಿದೆಯ ಮೇರೆಗೆ ಬಹುಕಾಲ ಬೆಳೆಗಾರರು ಮನೆಬಳಕೆಗೂ ಬಿತ್ತನೆಗೂ ಬಿಟ್ಟು ಉಳಿದುದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಬಿಡುಗಡೆಯಾಯಿತು. ಈಗ ಸಣ್ಣ ಬೆಳೆಗಾರನೂ ತಾನೇ ಹುರಿಸಿ, ಪುಡಿ ಮಾಡಿಸಿ, ನೆಂಟರಿಗೂ ಪೇಟೆಯ ಗಿರಾಕಿಗಳಿಗೂ ಮಾರಬಹುದು. ಆ ಪುಡಿ ಗಿರಾಕಿಯ ಮನೆಯಲ್ಲಿ ಹದಿನೈದನೆಯ ದಿನ ಸಪ್ಪೆಯಾದರೆ ಆತ ತನ್ನ ಡಬ್ಬಿಯನ್ನು ಬೈಯುವುದಿಲ್ಲ, ನಮ್ಮ ತೋಟವನ್ನು ಬೈಯುತ್ತಾನೆ. ಮುಂದಿನ ಸಲ ಬೇರೆಯವರ ಬಳಿ ಹೋಗುತ್ತಾನೆ. ಹಾಗಾಗಿ ಮಾರುವವರು 250 ಗ್ರಾಮಿನ ಪೊಟ್ಟಣಗಳನ್ನೇ ಮಾಡಲಿ, ಹುರಿದ ದಿನಾಂಕವನ್ನು ಮೇಲೆ ಬರೆಯಲಿ. ಒಳಗಿನ ಅನಿಲ ಹೊರಹೋಗಿ ಹೊರಗಿನ ಗಾಳಿ ಒಳಬರದಂತೆ ಸಣ್ಣ ಕವಾಟವಿರುವ ಚೀಲಗಳು ಈಗ ದೊರೆಯುತ್ತವೆ. ಹುರಿದ ಬೀಜ ಮಾರುವವರಿಗೆ ಅವು ಬಹಳ ಉಪಯುಕ್ತ. ಸಾಮಾನ್ಯ ಚೀಲಕ್ಕೆ ಹೊಸದಾಗಿ ಹುರಿದ ಬೀಜ ತುಂಬಿ ಬಿಗಿದರೆ ಅದು ಬಲೂನಿನಂತೆ ಊದಿಕೊಳ್ಳುತ್ತದೆ.

ಮನೆಯ ಪುಡಿ ಹೇಗಿದೆಯೆಂದು ನಾಳೆ ಬೆಳಿಗ್ಗೆಯೇ ನೋಡಬಹುದು. ಫಿಲ್ಟರಿನಲ್ಲಿ ಪುಡಿಯ ಮೇಲೆ ಮೊದಲು ಸ್ವಲ್ಪವೇ ಬಿಸಿನೀರು ಹನಿಸಿರಿ. ಹೊಸ ಪುಡಿಯಾದರೆ ಉಬ್ಬಿ, ಗುಳ್ಳೆಯೆದ್ದು, ಪರಿಮಳ ಹಜಾರದವರೆಗೆ ಬರುತ್ತದೆ. ಹಳೆಯದಾದರೆ ಕೆಸರಿನಂತೆ ಸುಮ್ಮನೆ ಕುಳಿತುಕೊಳ್ಳುತ್ತದೆ. ಹಾಗೆ ಕುಳಿತರೆ ಆ ಡಬ್ಬಿಯನ್ನು ಖಾಲಿ ಮಾಡಿ, ಒಳಗಂಟಿದ ಎಣ್ಣೆಜಿಡ್ಡು ಹೋಗುವಂತೆ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಹೊಸ ಪುಡಿ ತುಂಬಿರಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿರಿ.