ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಬ್ಯಾಂಡಿಗೆ ಹೊಸ ಲೈನಿಂಗ್: ಕೆಲಸ ಕೈಹಿಡಿಯುವ ಸೂತ್ರಗಳು

ಮಾಯಕೊಂಡದ ಸುತ್ತಿನ ಮೆಕ್ಕೆಜೋಳದ ಹೊಲ, ಅಡಿಕೆ ತೋಟಗಳ ದಾರಿಗೆ ಹಳೇ ಜೀಪು ಇವತ್ತಿಗೂ ಒಗ್ಗುವ ಗಾಡಿ. 1941ರಲ್ಲಿ ತಯಾರಿಕೆ ಶುರುವಾದ ವಿಲ್ಲಿಸ್ ಎಂಬಿ ನಿಮ್ಮಲ್ಲಿ ಉಳಿದಿದ್ದರೆ, ಅದರ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹೊರಗಿನಿಂದ ಬಿಗಿಯುವ ಉಕ್ಕಿನ ಬ್ಯಾಂಡಿನಲ್ಲಿದೆ. ಆಮೇಲಿನ ಗಾಡಿಗಳಿಗೆ ಒಳಗಿನಿಂದ ಅಗಲುವ ಶೂ ಬಂದವು. ನಿಮ್ಮದು ಯಾವುದೆಂದು ಮೊದಲು ಬಗ್ಗಿ ನೋಡಿ. ಬ್ಯಾಂಡಿಗೆ ಲೈನಿಂಗ್ ಹಾಕುವುದು ಕಷ್ಟವಲ್ಲ. ಹಳೆಯದು ಯಾಕೆ ಕೆಟ್ಟಿತೆಂದು ಹುಡುಕದೆ ಹೊಸದು ಹಾಕಿದರೆ ಮಾತ್ರ ಅದೂ ಬೇಗ ಹೋಗುತ್ತದೆ.

1. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಹಿಂದಿನ ಚಕ್ರಗಳನ್ನು ಗೇರೂ ಹಿಡಿಯುವುದಿಲ್ಲ, ಹ್ಯಾಂಡ್‌ಬ್ರೇಕೂ ಹಿಡಿಯುವುದಿಲ್ಲ. ಬಿಚ್ಚುವ ಮೊದಲೂ ಹುಷಾರು: ಹಿಂದಿನ ಒಂದು ಚಕ್ರವನ್ನಷ್ಟೇ ಜಾಕಿನಲ್ಲಿ ಎತ್ತಿದರೆ, ಬ್ಯಾಂಡ್ ಎಷ್ಟೇ ಬಿಗಿಯಾಗಿದ್ದರೂ ಡಿಫರೆನ್ಷಿಯಲ್‌ನಿಂದಾಗಿ ನೆಲದ ಮೇಲಿನ ಚಕ್ರ ಉರುಳಬಲ್ಲದು.

2. ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೇ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತದೆ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿಹಾಕಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

3. ಎಣ್ಣೆ ಎಲ್ಲಿಂದ ಬಂತು ಎಂದು ಕಂಡುಹಿಡಿಯಿರಿ. ಹೆಚ್ಚಿನ ಸಲ ಲೈನಿಂಗ್ ಸವೆದು ಸಾಯುವುದಿಲ್ಲ, ಎಣ್ಣೆ ಕುಡಿದು ಸಾಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಆಯಿಲ್ ಸೀಲ್ ಡ್ರಮ್ಮಿನ ಬೆನ್ನಿಗೇ ಇದೆ. ಅದು ಸೋರಿದ ಹನಿಯೆಲ್ಲ ಬ್ಯಾಂಡಿಗೇ ಸಿಡಿಯುತ್ತದೆ. ಸೀಲ್ ಬದಲಿಸಿ. ಅದು ಕೂರುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ, ಅದನ್ನೂ ಸರಿಮಾಡಿಸಿ. ಬ್ರೀದರ್ ತೂತು ಕಟ್ಟಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಹೊರದಬ್ಬುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡವೇ ಬೇಡ.

4. ಹಳೇ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆಯಿರಿ. ಉಳಿಯಿಂದ ಹೊಡೆದರೆ ಬ್ಯಾಂಡಿನ ತೂತು ಹಿಗ್ಗುತ್ತದೆ, ಬ್ಯಾಂಡಿನ ದುಂಡೂ ಕೆಡುತ್ತದೆ.

5. ನೇಯ್ದ ಲೈನಿಂಗ್ ಕೇಳಿ. ಅಚ್ಚಿನ ಗಟ್ಟಿ ಲೈನಿಂಗ್ ಇಷ್ಟು ಚಿಕ್ಕ ದುಂಡಿಗೆ ಬಾಗಿಸಿದರೆ ಬಿರಿಯಬಹುದು. ದಪ್ಪವನ್ನು ಹಳೆಯದರ ಸವೆಯದ ತುದಿಯಲ್ಲಿ ಅಳೆದುಕೊಂಡು ಹೋಗಿ.

6. ರಿವೆಟ್ ಹೊಡೆಯುವಾಗ ಅವಸರ ಬೇಡ. ಶೂ ಆಗಿದ್ದರೆ ನಡುವಿನಿಂದ ತುದಿಗೆ ಹೋಗಬೇಕು. ಒಳಮೈಗೆ ಲೈನಿಂಗ್ ಕೂರುವ ಬ್ಯಾಂಡಿಗೆ ಕ್ರಮ ತಿರುವುಮುರುವು. ಲೈನಿಂಗನ್ನು ಒಂದು ಎಳೆಯಷ್ಟು ಉದ್ದ ಬಿಟ್ಟು ಕತ್ತರಿಸಿ, ಎರಡು ತುದಿಗಳನ್ನು ಮೊದಲು ಕೂರಿಸಿ. ನಡುವೆ ಉಬ್ಬಿದ ಭಾಗವನ್ನು ಒತ್ತಿದರೆ ಅದು ಬ್ಯಾಂಡಿಗೆ ಸಂದಿಲ್ಲದೆ ಅಂಟುತ್ತದೆ. ಹಿತ್ತಾಳೆ ಅಥವಾ ತಾಮ್ರದ ರಿವೆಟ್ ಬಳಸಿ. ಕಬ್ಬಿಣದ್ದು ಡ್ರಮ್ಮನ್ನು ಗೀರುತ್ತದೆ. ತಲೆಗಳು ಲೈನಿಂಗಿನೊಳಗೆ ಚೆನ್ನಾಗಿ ಇಳಿದಿರಬೇಕು. ಬೆರಳಿಗೆ ಒಂದು ತಲೆ ತಾಗಿದರೂ ಅದನ್ನು ತೆಗೆದು ಮತ್ತೆ ಹೊಡೆಯಿರಿ.

7. ಡ್ರಮ್ಮಿನಲ್ಲಿ ಗೆರೆ ಬಿದ್ದಿದ್ದರೆ ಲೇತಿಗೆ ಕೊಡಿ. ಹರಿಹರದಲ್ಲಿ 1941ರಲ್ಲೇ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಕೊಟ್ಟ ಕಾರ್ಖಾನೆ. ಅದು ಬಾಗಿಲು ಹಾಕಿ ವರ್ಷಗಳಾದರೂ ಲೇತಿನ ಕೆಲಸ ಬಲ್ಲ ಕೈಗಳು ನಮ್ಮ ಸೀಮೆಯಲ್ಲಿವೆ. ಮೇಲ್ಮೈ ಸಮವಾಗುವಷ್ಟೇ ತೆಗೆಸಿ. ತೆಳುವಾದ ಅಥವಾ ಬಿರುಕುಬಿಟ್ಟ ಡ್ರಮ್ಮನ್ನು ಉಳಿಸಿಕೊಳ್ಳಬೇಡಿ.

8. ಕೇಬಲ್ ಸಲೀಸಾಗಿ ಎಳೆಯಬೇಕು, ಬಿಟ್ಟೊಡನೆ ಹಿಂದೆ ಸರಿಯಬೇಕು. ಸವೆದ ಪಿನ್ನುಗಳನ್ನು ಬದಲಿಸಿ.

9. ಅಡ್ಜಸ್ಟ್ ಮಾಡುವಾಗ ಹಿಡಿಕೆ ಪೂರ್ತಿ ಬಿಟ್ಟಿರಲಿ. ಡ್ರಮ್ಮಿನ ಸುತ್ತ ಸಂದು ಒಂದೇ ಸಮ ಇರಬೇಕು. ಕೈಯಲ್ಲಿ ತಿರುಗಿಸಿದರೆ ಎಲ್ಲೂ ಉಜ್ಜಬಾರದು. ಆಮೇಲೆ ಬಿಚ್ಚಿದ ಶಾಫ್ಟನ್ನು ಮತ್ತೆ ಜೋಡಿಸಿ, ಕಡಿಮೆ ಇಳಿಜಾರಿನಲ್ಲಿ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ, ಮೂತಿ ಏರಿಗೆ ಮಾಡಿ ಒಮ್ಮೆ, ಇಳಿಕೆಗೆ ಮಾಡಿ ಒಮ್ಮೆ ಪರೀಕ್ಷಿಸಿ.

10. ಓಡುವ ಗಾಡಿಯಲ್ಲಿ ಈ ಬ್ರೇಕ್ ಜಗ್ಗಬೇಡಿ. ಆ ಹೊಡೆತವೆಲ್ಲ ಶಾಫ್ಟಿನ ಜಾಯಿಂಟ್‌ಗಳಿಗೂ ಹಿಂದಿನ ಆಕ್ಸಲ್‌ಗೂ ಬೀಳುತ್ತದೆ. ನಿಲ್ಲಿಸಿದ ಮೇಲೆ ಎಳೆಯಿರಿ, ಗೇರಿಗೆ ಹಾಕಿ. ಚೀಲ ತುಂಬಿದ ಗಾಡಿಯಾದರೆ, ಹೊಸ ಲೈನಿಂಗ್ ಇದ್ದರೂ, ಚಕ್ರಕ್ಕೆ ಕಲ್ಲು ಕೊಟ್ಟೇ ಇಳಿಯಿರಿ.